ಕೆಮ್ಮಿಲ್ಲದವರಿಗೂ ಯಾಕೆ ಕೊರೊನಾ ಪರೀಕ್ಷೆ?

ಎಲ್ಲರಿಗೂ ನಮಸ್ಕಾರ. ಶಿಫ್ಟ್ ಮುಗಿಸಿ ನೇರ ಇಲ್ಲಿಗೇ ಬಂದಿದ್ದೀರಿ. ಉದ್ದ ಭಾಷಣ ಮಾಡುವುದಿಲ್ಲ.

ಬೆಳಗಾವಿ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವ ನಿಮಗೆ ಬ್ಲೋಹೋಲ್ ಅಂದರೇನು ಅಂತ ನಾನು ಹೇಳಬೇಕಿಲ್ಲ. ಹೊರಗೆ ನುಣ್ಣಗೆ ಕಾಣುವ ಎರಕದ ಒಳಗೆ ತೂತು ಇರುತ್ತದೆ. ಕೊರೊನಾ ಸೋಂಕೂ ಹಾಗೇ ಒಳಗೇ ಅಡಗಿರಬಹುದು. ಜ್ವರ, ಕೆಮ್ಮು ಶುರುವಾಗುವ ಒಂದೆರಡು ದಿನ ಮೊದಲೇ ಅದು ಬೇರೆಯವರಿಗೆ ಹರಡಬಹುದು. ಕೆಲವರಿಗಂತೂ ಕೊನೆಯವರೆಗೂ ಒಂದು ಸೀನೂ ಬರುವುದಿಲ್ಲ. ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರಿಗೆ ಇವರು ಸಿಗುವುದಿಲ್ಲ. ಭಟ್ಟಿಯ ಹತ್ತಿರಕ್ಕಿಂತ ಊಟದ ಕೋಣೆಯ ಬಗ್ಗೆಯೇ ನನಗೆ ಜಾಸ್ತಿ ಚಿಂತೆ. ಮಾಸ್ಕ್ ತೆಗೆದು, ಡಬ್ಬಿ ಬಿಚ್ಚಿ, ಎದುರುಬದುರು ಕೂತು ಮಾತಾಡುತ್ತೇವೆ, ಅಲ್ವಾ?

ಎಲ್ಲರಿಗೂ ಪರೀಕ್ಷೆ ಮಾಡಿಸಿದರೆ ಖರ್ಚು ಎಷ್ಟಾದೀತು ಅಂತ ಮಾಲೀಕರು ಕೇಳುತ್ತಾರೆ. ಐದು ಜನರ ಸ್ಯಾಂಪಲ್ ಕೂಡಿಸಿ ಒಂದೇ ಆರ್‌ಟಿ-ಪಿಸಿಆರ್ ಮಾಡಬಹುದು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರ ಏಪ್ರಿಲ್‌ನಲ್ಲೇ ಹೇಳಿತ್ತು. ನೂರು ಜನರಿಗೆ 20 ಪರೀಕ್ಷೆ ಸಾಕು. ಒಂದು ಗುಂಪು ಪಾಸಿಟಿವ್ ಬಂದರೆ ಆ ಐವರಿಗೆ ಮತ್ತೆ ಬೇರೆ ಬೇರೆ ಮಾಡಬೇಕು, ಒಟ್ಟು 25. ಆದರೆ ಸೋಂಕು ಆಗಲೇ ಜಾಸ್ತಿ ಹಬ್ಬಿದ್ದರೆ ಈ ಉಳಿತಾಯ ಸಿಗದು. ರ‍್ಯಾಪಿಡ್ ಕಿಟ್ ಅಗ್ಗ, ಬೇಗ. ಆದರೆ ಲಕ್ಷಣ ಇಲ್ಲದವರಲ್ಲಿ ಸೋಂಕು ಅದರ ಕೈಗೆ ಸಿಗದೆ ತಪ್ಪಿಹೋಗುವುದು ಜಾಸ್ತಿ. ಅದಕ್ಕೇ ಒಮ್ಮೆ ಮಾಡಿ ಸುಮ್ನೆ ಕೂರಬಾರದು, ಆಗಾಗ ಮಾಡಬೇಕು.

ಇನ್ನು ಹೊಸ ತಳಿಯ ಮಾತು. ಕೆಲವು ಪಿಸಿಆರ್ ಕಿಟ್‌ಗಳು ವೈರಸ್ಸಿನ ಮೂರು ಜೀನ್ ಹುಡುಕುತ್ತವೆ. ಆಲ್ಫಾ ಬಂದಾಗ, ಆಮೇಲೆ ಮೊದಲ ಒಮೈಕ್ರಾನ್ ಬಂದಾಗ, ಆ ಮೂರರಲ್ಲಿ ಎಸ್ ಜೀನ್ ಮಾತ್ರ ಸಿಗುತ್ತಿರಲಿಲ್ಲ. ಅದೇ ಸುಳಿವಾಯಿತು. ಆದರೆ ಡೆಲ್ಟಾದಲ್ಲಿ ಆ ಸುಳಿವು ಇರಲಿಲ್ಲ, ಒಮೈಕ್ರಾನಿನದೇ ಇನ್ನೊಂದು ಬಗೆಯಾದ ಬಿಎ.2ದಲ್ಲೂ ಇರಲಿಲ್ಲ. ಖಚಿತವಾಗಬೇಕಾದರೆ ಜೀನೋಮ್ ಸೀಕ್ವೆನ್ಸಿಂಗೇ, ಅಂದರೆ ವೈರಸ್ಸಿನ ಜೀನುಗಳನ್ನು ಪೂರ್ತಿ ಓದುವ ಪರೀಕ್ಷೆಯೇ, ಆಗಬೇಕು. ಅದರ ವರದಿ ಬರುವ ಹೊತ್ತಿಗೆ ರೋಗಿ ಸಾಮಾನ್ಯವಾಗಿ ಗುಣವಾಗಿರುತ್ತಾನೆ. ಹಾಗಾದರೆ ಯಾಕೆ ಬೇಕು? ಊರಿಗಾಗಿ, ಯಾವ ತಳಿ ಬಂದಿದೆ ಅಂತ ತಿಳಿಯಲು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣ ಬೆಂಗಳೂರಿನಿಂದ ವರದಿಯಾದವು. ಅವರಲ್ಲಿ ಒಬ್ಬರು ವಿದೇಶಕ್ಕೇ ಹೋಗದ ವೈದ್ಯರು. ವಿಮಾನ ನಿಲ್ದಾಣವನ್ನಷ್ಟೇ ಕಾದರೆ ಸಾಲದು ಅಂತ ಅವತ್ತೇ ಗೊತ್ತಾಯಿತು. ನಮ್ಮ ಬೆಳಗಾವಿಗೆ ಕೊಲ್ಲಾಪುರದಿಂದ, ಗೋವಾದಿಂದ ದಿನಾ ಎಷ್ಟು ಜನ ಬಂದು ಹೋಗುತ್ತಾರೆ ನೋಡಿ.

ಒಂದು ಸಂಗತಿ ಹೇಳಲೇಬೇಕು. 2021ರಲ್ಲಿ ಒಂದು ಕಾರ್ಖಾನೆಗೆ ಸ್ವ್ಯಾಬ್ ತೆಗೆಯಲು ಹೋಗಿದ್ದೆ. ಹಿಂದಿನ ವಾರ ಪಾಸಿಟಿವ್ ಬಂದವರ ಪಗಾರ ಕಟ್ ಆಗಿತ್ತು. ನಾವು ಬಂದ ಸುದ್ದಿ ತಿಳಿದು ಅರ್ಧ ಜನ ಹಿಂದಿನ ಬಾಗಿಲಿನಿಂದ ಹೊರಟುಹೋದರು. ಉಳಿದವರಲ್ಲಿ ಒಬ್ಬ ಹುಡುಗ ಮೆಲ್ಲಗೆ ಅಂದ: "ಅಕ್ಕಾರ, ನಂದು ನೆಗೆಟಿವ್ ಅಂತ ಬರೀರಿ. ಪಗಾರ ಹೋದ್ರ ಮನಿ ನಡಿಯಂಗಿಲ್ರಿ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊಟ್ಟೆಗೆ ಕಲ್ಲು ಬೀಳುತ್ತದೆ ಅಂದರೆ ಯಾರು ತಾನೇ ಮೂಗು ಕೊಡುತ್ತಾರೆ?

ಮುಂದೆ ಕೂತಿರುವ ಮಾಲೀಕರಲ್ಲಿ ಕೇಳಿಕೊಳ್ಳುತ್ತೇನೆ. ಕಿಟ್ ಆರ್ಡರ್ ಮಾಡುವ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಪಾಸಿಟಿವ್ ಬಂದವರು ಮನೆಯಲ್ಲಿರುವ ದಿನಗಳಿಗೆ ಪೂರ್ತಿ ಪಗಾರ ಅಂತ ಬರೆಯಿರಿ. ಗುತ್ತಿಗೆ ಕೆಲಸದವರಿಗೂ ಅಷ್ಟೇ. ಯಾರ ಫಲಿತಾಂಶವನ್ನೂ ಗೋಡೆಗೆ ಅಂಟಿಸಬೇಡಿ.

ಸರಿ, ಸ್ವ್ಯಾಬ್ ನೋವಾಗುತ್ತದೆ ಅಂತ ಹೆದರಿದವರು ಇದ್ದೀರಿ. ಈಗಲೇ ತೋರಿಸುತ್ತೇನೆ. ಯಾರಾದರೂ ಒಬ್ಬರು ಮುಂದೆ ಬನ್ನಿ.