ಟಬ್ಬಿಯ ಕೋಣೆಯಲ್ಲಿ ಇಲ್ಲದ ವಾದಕರು

ಡಬ್ ರೆಗ್ಗೆ ಅಂದರೆ, ರೆಕಾರ್ಡಾದ ಹಾಡಿನಿಂದ ದನಿ, ವಾದ್ಯಗಳನ್ನು ತೆಗೆದು, ಮಾರ್ದನಿ ಹಚ್ಚಿ ಹೊಸದಾಗಿ ಕಟ್ಟುವ ಜಮೈಕಾದ ಸಂಗೀತ. ಅದರ ಮಾತು ಬಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಹೆಸರು: ಸೌಂಡ್ ಎಂಜಿನಿಯರ್ ಕಿಂಗ್ ಟಬ್ಬಿ. ವರ್ಷಗಟ್ಟಲೆ ನಾನೂ ಅದೇ ರಾಗ ಎಳೆದವನು. ಇವತ್ತು ಒಂದು ತಕರಾರು ತೆಗೆಯುತ್ತೇನೆ. ತಕರಾರು ಟಬ್ಬಿಯ ಮೇಲಲ್ಲ, ನಮ್ಮ ಕಿವಿಗಳ ಮೇಲೆ.

ನನ್ನ ಮುಂದಿರುವುದು 1976ರ ಆಲ್ಬಮ್, 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್'. ನಿರ್ಮಾಪಕ ಅಗಸ್ಟಸ್ ಪ್ಯಾಬ್ಲೊ; ಶಾಲೆಯ ಮಕ್ಕಳು ಊದಿ ಕಲಿಯುವ ಮೆಲೋಡಿಕಾವನ್ನು ಎದೆ ಹಿಂಡುವ ವಾದ್ಯವಾಗಿಸಿದವನು. ತಗ್ಗಿನ ದನಿಯ ಬೇಸ್ ಗಿಟಾರಿನಲ್ಲಿ ರಾಬಿ ಶೇಕ್ಸ್‌ಪಿಯರ್ ಮತ್ತು ಆಸ್ಟನ್ ಬ್ಯಾರೆಟ್. ರಾಬಿಗೆ ಬೇಸ್ ಹೇಳಿಕೊಟ್ಟವನೇ ಆಸ್ಟನ್, ಅಂದರೆ ಗುರುಶಿಷ್ಯರಿಬ್ಬರೂ ಒಂದೇ ತಟ್ಟೆಯಲ್ಲಿದ್ದಾರೆ. ಡ್ರಮ್ಸ್ ಆಸ್ಟನ್‌ನ ತಮ್ಮ ಕಾರ್ಲ್‌ಟನ್‌ನದು, ಗಿಟಾರ್ ಅರ್ಲ್ 'ಚಿನ್ನಾ' ಸ್ಮಿತ್‌ನದು. ಬ್ಯಾರೆಟ್ ಸಹೋದರರು ಬಾಬ್ ಮಾರ್ಲಿಯ ಬೆನ್ನಿಗೆ ನಿಂತವರೆಂದರೆ ನಿಮಗೆ ಗುರುತು ಸಿಗಬಹುದು.

ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಬಡಾವಣೆಯಲ್ಲಿ, ಡ್ರೊಮಿಲಿ ಅವೆನ್ಯೂನಲ್ಲಿ, ಟಬ್ಬಿಯ ಸ್ಟುಡಿಯೊ ಇದ್ದದ್ದು ಅವನ ಮನೆಯಲ್ಲೇ. ಇಡೀ ವಾದ್ಯವೃಂದ ಕೂರುವಷ್ಟು ಜಾಗ ಅಲ್ಲಿರಲಿಲ್ಲ. ವಾದಕರು ರ್‍ಯಾಂಡೀಸ್‌ನಂಥ ಸ್ಟುಡಿಯೊಗಳಲ್ಲಿ ನುಡಿಸಿ ಹೋಗುತ್ತಿದ್ದರು, ಟೇಪು ಮಾತ್ರ ಟಬ್ಬಿಯ ಮನೆಗೆ ಬರುತ್ತಿತ್ತು. ಅವನು ವೃತ್ತಿಯಿಂದ ಎಲೆಕ್ಟ್ರಾನಿಕ್ಸ್ ರಿಪೇರಿಯವನು. ಇನ್ನೊಂದು ಸ್ಟುಡಿಯೊ ಕೈಬಿಟ್ಟ ಮಿಕ್ಸಿಂಗ್ ಡೆಸ್ಕ್ ತಂದು, ಟೇಪಿನಲ್ಲಿ ಬೇರೆ ಬೇರೆಯಾಗಿ ದಾಖಲಾದ ನಾಲ್ಕು ಟ್ರ್ಯಾಕುಗಳನ್ನು ಒಂದೊಂದಾಗಿ ಎತ್ತಿ, ಇಳಿಸಿ, ಪ್ರತಿಧ್ವನಿಯಲ್ಲಿ ಅದ್ದಿ ತೆಗೆಯುತ್ತಿದ್ದ.

ಶೀರ್ಷಿಕೆಯ ಹಾಡನ್ನೇ ತೆಗೆದುಕೊಳ್ಳಿ. ಅದು ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆಯ ಡಬ್. ಮಿಲ್ಲರ್‌ನ ದನಿ ಅರ್ಧ ಸಾಲಿಗೆ ತಲೆ ಎತ್ತುತ್ತದೆ, ಕೊನೆಯ ಅಕ್ಷರ ನಾಲ್ಕಾರು ಬಾರಿ ಮಾರ್ದನಿಸಿ ಮುಳುಗುತ್ತದೆ. ಗಿಟಾರಿನ ಕತ್ತರಿ ಏಟು ಬರುತ್ತದೆ, ಇಲ್ಲವಾಗುತ್ತದೆ. ಮೊದಲ ಸಲ ಕೇಳಿದಾಗ 'ಏನು ಕೈಚಳಕ!' ಎಂದು ಬೆರಗಾಗಿದ್ದೆ. ಆಮೇಲೊಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳುವಾಗ ಹೊಳೆಯಿತು: ಎಲ್ಲವನ್ನೂ ಕಿತ್ತು ಬಿಸಾಡಿದ ಮೇಲೂ ಹಾಡು ಕುಸಿಯುತ್ತಿಲ್ಲವಲ್ಲ, ಯಾಕೆ? ಕೆಳಗೆ ಬೇಸ್ ನಡೆಯುತ್ತಲೇ ಇದೆ, ಕಾರ್ಲ್‌ಟನ್‌ನ ಏಟು ಕೂದಲೆಳೆಯಷ್ಟೂ ಜಾರಿಲ್ಲ. ಸಡಿಲವಾಗಿ ನುಡಿಸಿದ್ದ ಟೇಪನ್ನು ಹೀಗೆ ಬೆತ್ತಲೆ ಮಾಡಿದ್ದರೆ ಅರ್ಧ ನಿಮಿಷವೂ ಕೇಳಲಾಗುತ್ತಿರಲಿಲ್ಲ.

ನಮ್ಮ ಕಚೇರಿಗಳಲ್ಲಿ ತನಿ ಆವರ್ತನ ಬಂದಾಗ ಹಾಡುಗಾರ ಸುಮ್ಮನಾಗುತ್ತಾನೆ, ಮೃದಂಗದವರು ಮುಂದೆ ಬರುತ್ತಾರೆ. ಆದರೆ ತನಿ ತನ್ನದೆಂದು ಮೃದಂಗದವರಿಗೆ ಗೊತ್ತಿರುತ್ತದೆ, ಸಿದ್ಧರಾಗಿ ಕೂತಿರುತ್ತಾರೆ. ಡಬ್‌ನಲ್ಲಿ ನುಡಿಸಿದವನು ಎದ್ದುಹೋಗಿ ಎಷ್ಟೋ ದಿನಗಳಾದ ಮೇಲೆ ಇನ್ನೊಬ್ಬ ಅವನನ್ನು ಒಂಟಿಯಾಗಿ ನಿಲ್ಲಿಸುತ್ತಾನೆ. ಕಾರ್ಲ್‌ಟನ್ ನುಡಿಸಿದ್ದು ಒಬ್ಬ ಗಾಯಕನ ಹಿಂದೆ. ನಾವು ಕೇಳುತ್ತಿರುವುದು ಅವನ ತನಿ.

ದುಡ್ಡಿನ ಮಾತೂ ಇದೆ. ಆಗಿನ ಕಿಂಗ್‌ಸ್ಟನ್‌ನಲ್ಲಿ ವಾದಕರಿಗೆ ಸಾಮಾನ್ಯವಾಗಿ ಹಾಡಿಗಿಷ್ಟು ಎಂದು ಕೂಲಿ. ಕೊಟ್ಟ ಮೇಲೆ ಟೇಪು ನಿರ್ಮಾಪಕನ ಸ್ವತ್ತು. ಅದರ ಮೇಲೆ ಇನ್ನೊಬ್ಬ ಹಾಡಲಿ, ಮತ್ತೊಬ್ಬ ಮಾತು ಪೋಣಿಸಲಿ, ಹತ್ತು ಡಬ್‌ಗಳು ಹುಟ್ಟಲಿ, ಬೇಸ್ ನುಡಿಸಿದವನಿಗೆ ಎರಡನೇ ಕೂಲಿ ಸಿಗುತ್ತಿದ್ದುದು ಅಪರೂಪ. ಮಾರ್ಲಿಯ ಹಾಡುಗಳ ಪಾಲಿಗಾಗಿ ಆಸ್ಟನ್ ಬ್ಯಾರೆಟ್ 2006ರಲ್ಲಿ ಲಂಡನ್ನಿನ ಹೈಕೋರ್ಟ್ ಮೆಟ್ಟಿಲೇರಿ ಸೋತ. ಆ ಮೊಕದ್ದಮೆಗೂ ಈ ಆಲ್ಬಮ್‌ಗೂ ಸಂಬಂಧವಿಲ್ಲ, ಆದರೆ ಬೆರಳುಗಳು ಅವೇ.

ಟಬ್ಬಿ ದೊಡ್ಡವನಲ್ಲ ಎನ್ನುತ್ತಿಲ್ಲ. ಏನನ್ನು ತೆಗೆಯಬೇಕು ಎನ್ನುವಷ್ಟೇ ಚೆನ್ನಾಗಿ ಯಾರನ್ನು ಮುಟ್ಟಬಾರದು ಎಂಬುದೂ ಅವನಿಗೆ ಗೊತ್ತಿತ್ತು. ಅದಕ್ಕೇ ಬೇಸನ್ನು ಅಷ್ಟು ಹೊತ್ತು ಹಾಗೇ ಬಿಟ್ಟಿದ್ದಾನೆ.

ಹಾಡನ್ನು ಇಲ್ಲಿಯೇ ಹಾಕಬೇಕೆಂಬ ಆಸೆ, ಹಾಕಿದರೆ ಹಕ್ಕುಸ್ವಾಮ್ಯದ ತಕರಾರಿನಿಂದ ಈ ವಿಡಿಯೊ ಸಂಜೆಯವರೆಗೂ ಉಳಿಯುವುದಿಲ್ಲ. ನೀವೇ ಹುಡುಕಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಬೇಸ್ ಇರುವುದೇ ಇಲ್ಲ. ಮೆಲೋಡಿಕಾ ಕರೆದರೂ ಹೋಗಬೇಡಿ, ಮೊದಲ ಒಂದು ನಿಮಿಷ ಕೆಳಗಿನ ದನಿಯ ಜೊತೆಗೇ ಇರಿ.