"ನನಗೆ ಏರೋದೇ ಇಲ್ಲ!"

ಸ್ನೇಹಿತರೇ, ಕುಡಿತದಿಂದ ಏನೇನು ಹಾಳಾಗುತ್ತದೆ ಎಂಬ ಪಟ್ಟಿ ನಿಮಗೆಲ್ಲ ಬಾಯಿಪಾಠ. ಅದನ್ನು ಓದಲು ನಾನು ಬಂದಿಲ್ಲ. ಗಂಡಸರು ಗುಂಡು ಹಾಕಲು ಕೂತಲ್ಲೆಲ್ಲ ಒಬ್ಬನಾದರೂ ಎದೆಯುಬ್ಬಿಸಿ ಹೇಳುತ್ತಾನಲ್ಲ, "ಎಷ್ಟು ಹಾಕಿದ್ರೂ ನನಗೆ ಏರೋದೇ ಇಲ್ಲ ಗುರೂ" ಅಂತ. ನನ್ನನ್ನು ಕಾಡುವುದು ಆ ಮಾತು.

ವ್ಯಸನಮುಕ್ತಿ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು ನಾನು. ಅಲ್ಲಿಗೆ ಬಂದ ಒಬ್ಬರನ್ನು ಮರೆಯಲಾರೆ. ಬಾಗಿಲು ತುಂಬುವ ಆಳು. ಸೇರಿದ ದಿನವೇ ಅಕ್ಕಪಕ್ಕದ ಮಂಚದವರನ್ನೆಲ್ಲ ಕೂಡಿಸಿಕೊಂಡು ಕಥೆ ಶುರುಮಾಡಿದರು. ಪಂದ್ಯ ಕಟ್ಟಿ ಒಂದು ಫುಲ್ ಬಾಟಲಿಯನ್ನು ನೀರು ಬೆರೆಸದೆ ಮುಗಿಸಿದ್ದು, ಎದುರು ಕೂತ ನಾಲ್ವರು ಉರುಳಿಬಿದ್ದದ್ದು, ಇವರೇ ಅವರನ್ನೆಲ್ಲ ಮನೆ ಮುಟ್ಟಿಸಿದ್ದು. ಎರಡನೇ ಸಲ ಹೇಳುವಾಗ ನಾಲ್ವರು ಆರಾದರು. ಸಂಜೆಯ ಹೊತ್ತಿಗೆ ಬಾಟಲಿಯೂ ಎರಡಾಯಿತು! ಎಲ್ಲರೂ ನಕ್ಕೆವು, ಅವರೂ ನಕ್ಕರು. ಮರುದಿನ ಬೆಳಿಗ್ಗೆ ಕೈನಡುಕ. ನೀರಿನ ಲೋಟ ತುಟಿ ಮುಟ್ಟುವಷ್ಟರಲ್ಲಿ ಅರ್ಧ ನೀರು ಎದೆಯ ಮೇಲೆ. ಮೂರನೇ ರಾತ್ರಿ, ಗೋಡೆ ತುಂಬ ಹುಳ ಹರಿಯುತ್ತಿವೆ ಎಂದು ಮಗುವಿನ ಹಾಗೆ ಕಿರುಚಿದರು. ಕುಡಿತ ನಿಂತ ಎರಡರಿಂದ ನಾಲ್ಕು ದಿನಗಳಲ್ಲಿ ಕಾಣಿಸಿಕೊಳ್ಳುವ ಸನ್ನಿ ಅದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು.

ಅವರು ಉಳಿದರು. ವಾರದ ಮೇಲೆ ನನ್ನ ಕೈ ಹಿಡಿದು ಕೇಳಿದರು: "ಕುಡಿದಾಗ ಏನೂ ಆಗದವನಿಗೆ, ಬಿಟ್ಟಾಗ ಯಾಕೆ ಸಾರ್ ಹೀಗಾಯ್ತು?"

ಉತ್ತರ ಅವರ ಬಡಾಯಿಯಲ್ಲೇ ಇತ್ತು. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ದಿನಾ ಸುರಿಯುತ್ತಿದ್ದರೆ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಹೆಚ್ಚಿಸಿಕೊಳ್ಳುತ್ತದೆ. ಆಗ ಹಳೆಯ ಅಳತೆ ಸಾಲುವುದಿಲ್ಲ. "ಏರೋದಿಲ್ಲ" ಅಂದರೆ ಇಷ್ಟೇ. ಮದ್ಯ ಥಟ್ಟನೆ ನಿಂತರೆ ತಡೆ ಹೋಗುತ್ತದೆ, ವೇಗ ಉಳಿಯುತ್ತದೆ. ನಡುಕ, ಫಿಟ್ಸ್, ಸನ್ನಿ ಎಲ್ಲ ಅಲ್ಲಿಂದಲೇ. ಏರದಿರುವುದು ತಾಕತ್ತಲ್ಲ ಸ್ವಾಮಿ, ರೋಗಲಕ್ಷಣ. ಜ್ವರ ಬಂದವನು "ನನ್ನದು ನೂರಾಮೂರು" ಎಂದು ಮೀಸೆ ತಿರುವುತ್ತಾನೆಯೇ?

ನಾಲಿಗೆ ತೊದಲಲಿಲ್ಲ ಅಂತ ಲಿವರ್ ರಿಯಾಯಿತಿ ಕೊಡುವುದಿಲ್ಲ. ಅದು ಗಂಟೆಗೆ ಹೆಚ್ಚುಕಡಿಮೆ ಒಂದು ಸಣ್ಣ ಪೆಗ್ಗಿನಷ್ಟು ಮದ್ಯವನ್ನು ಕರಗಿಸೀತು. ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಅವಸರಪಡಿಸಲಾರದು. ಮೊದಲು ಮಂಕಾಗುವುದು ವಿವೇಚನೆ. ಆದ್ದರಿಂದಲೇ "ನಾನು ಸ್ಟಡಿಯಾಗಿದ್ದೀನಿ, ಕೀ ಕೊಡು" ಅನ್ನುವವನ ಮಾತಿಗೆ ಅವನೇ ಸಾಕ್ಷಿಯಾಗಲು ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ ಮದ್ಯದಿಂದ ಸತ್ತವರು ಸುಮಾರು 26 ಲಕ್ಷ, ಅದರಲ್ಲಿ ಗಂಡಸರೇ 20 ಲಕ್ಷ. ಅವರಲ್ಲಿ "ಏರೋದೇ ಇಲ್ಲ" ಅಂದವರು ಎಷ್ಟಿದ್ದರೋ ಎಂದು ನೆನೆದರೆ ಹೊಟ್ಟೆ ತೊಳಸುತ್ತದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಗಂಡಸ್ತನದ ಬಗ್ಗೆ ಬರೆದುಕೊಂಡು ಬಂದದ್ದರಲ್ಲಿ ಒಂದೇ ವಾಕ್ಯ: ದೀರ್ಘಕಾಲದ ಅತಿಕುಡಿತ ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನೇ ಇಳಿಸುತ್ತದೆ. ಇನ್ನು, ದಿನಾ ಹೆಚ್ಚು ಕುಡಿಯುವವರು ಹಟ ತೊಟ್ಟು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ, ವೈದ್ಯರನ್ನು ಕಂಡು ನಿಲ್ಲಿಸಿ.

ಕೊನೆಯದು. ಪಂದ್ಯದಲ್ಲಿ ಬಿದ್ದವನನ್ನು "ಮಲಗಲಿ ಬಿಡು" ಅಂತ ಬಿಟ್ಟುಬರಬೇಡಿ. ಕೊನೆಯ ಗ್ಲಾಸಿನ ನಂತರವೂ ರಕ್ತದಲ್ಲಿ ಮದ್ಯ ಏರುತ್ತಿರಬಹುದು. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ವಾಂತಿ ಉಸಿರಿಗೆ ಅಡ್ಡಬರಬಾರದು. ಎಬ್ಬಿಸಿದರೂ ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ. ಅದು ಬರುವ ತನಕ ಒಬ್ಬರು ಅವನ ಪಕ್ಕದಲ್ಲೇ ಕೂತಿರಿ.