ಮಾರ್ಲ್‌ಬರೋ ಗುಡ್ಡಗಳಲ್ಲಿ ಬಿಲ್ಲು ಹಿಡಿದು ಒಂದು ದಿನ

ಎಲ್ಲರಿಗೂ ನಮಸ್ಕಾರ.

ಬೇಟೆಯ ಬಗ್ಗೆ ಮಾತಾಡಿ ಅಂತ ಪ್ರಕೃತಿ ಪ್ರಿಯರ ಬಳಗವೊಂದು ಕರೆಯುತ್ತದೆ ಎಂದರೆ ಕರೆದವರ ಧೈರ್ಯ ಮೆಚ್ಚಬೇಕು. ಇಲ್ಲಿ ಕೂತಿರುವ ಬಹಳಷ್ಟು ಜನಕ್ಕೆ ಬೇಟೆ ಎಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಕೇಸು, ಜೈಲು. ಅದು ಹಾಗೇ ಇರಲಿ. ನಮ್ಮ ಕಾಡುಗಳ ಸ್ಥಿತಿಗೆ ಆ ಕಾಯ್ದೆ ಬೇಕಾದದ್ದೇ. ನಾನು ಹೇಳಲು ಬಂದಿರುವುದು ನಾನಿರುವ ನ್ಯೂಜಿಲೆಂಡಿನಲ್ಲಿ ಬಿಲ್ಲು ಹಿಡಿದು ಕಾಡು ಸೇರಿದ ಮೇಕೆಯ ಬೇಟೆಗೆ ಹೋಗುವ ಕಥೆ. ಅಲ್ಲಿಯ ಕಾನೂನು ನೋಡುವುದೇ ಇನ್ನೊಂದು ದಿಕ್ಕಿನಿಂದ. 1977ರ ಅವರ ಕಾಯ್ದೆಯ ಪ್ರಕಾರ ಜಿಂಕೆ, ಕಾಡುಹಂದಿ, ಹಿಮಾಲಯದಿಂದ ಹೋದ ತಾರ್ ಎಂಬ ಮೇಕೆಯಂಥ ಪ್ರಾಣಿ, ಬೇಲಿ ದಾಟಿ ಕಾಡು ಸೇರಿದ ಮೇಕೆ, ಇವೆಲ್ಲ ಹತೋಟಿಯಲ್ಲಿ ಇಡಬೇಕಾದ ಪ್ರಾಣಿಗಳು. ಮೇಕೆಗೆ ಬೇಟೆಯ ಋತು ಇಲ್ಲ, ಇಷ್ಟೇ ಹೊಡೆಯಬೇಕು ಎಂಬ ಮಿತಿಯೂ ಇಲ್ಲ. ಸರ್ಕಾರಿ ಸಂರಕ್ಷಿತ ಜಮೀನಾದರೆ ಸಂರಕ್ಷಣಾ ಇಲಾಖೆಯ ಪರವಾನಗಿ ಬೇಕು, ಅದು ಪುಕ್ಕಟೆ. ಖಾಸಗಿ ಜಮೀನಾದರೆ ರೈತನ ಒಪ್ಪಿಗೆ ಬೇಕು, ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಮೇಕೆ ಅಲ್ಲಿಗೆ ಹೋದದ್ದು ಹೇಗೆ? ಮನುಷ್ಯ ಕಾಲಿಡುವ ಮೊದಲು ಆ ದ್ವೀಪಗಳಲ್ಲಿ ನೆಲದ ಮೇಲೆ ಸಸ್ತನಿ ಅಂತ ಇದ್ದದ್ದು ಬಾವಲಿಗಳು ಮಾತ್ರ. ಎಲೆ ತಿನ್ನುತ್ತಿದ್ದದ್ದು ಮೋವಾದಂಥ ದೊಡ್ಡ ಹಕ್ಕಿಗಳು. ಹಲ್ಲು, ನಾಲಗೆ, ಗೊರಸು ಇರುವ ಪ್ರಾಣಿಯನ್ನು ಎದುರಿಸುವ ಅಭ್ಯಾಸವೇ ಅಲ್ಲಿಯ ಗಿಡಮರಗಳಿಗೆ ಇರಲಿಲ್ಲ. 1773ರಲ್ಲಿ ಕ್ಯಾಪ್ಟನ್ ಕುಕ್ ದಕ್ಷಿಣ ದ್ವೀಪದ ಉತ್ತರ ತುದಿಯ ಕ್ವೀನ್ ಷಾರ್ಲೆಟ್ ಸೌಂಡ್ ಎಂಬ ಕಡಲ ಚಾಚಿನಲ್ಲಿ ಮೇಕೆ ಬಿಟ್ಟ. ಮುಂದೆ ಬರುವ ಹಡಗಿನವರಿಗೆ ಮಾಂಸ ಸಿಗಲಿ ಎಂಬುದು ಲೆಕ್ಕಾಚಾರ. ಆಮೇಲೆ ಬಂದ ವಲಸಿಗರು ಹಾಲಿಗೆ ತಂದರು, ಮುಳ್ಳುಕಂಟಿ ತಿನ್ನಿಸಿ ಹೊಲ ಚೊಕ್ಕಟ ಮಾಡಲು ತಂದರು. 1980ರ ದಶಕದಲ್ಲಿ ಮೊಹೇರ್ ಉಣ್ಣೆಗೆ ಬೆಲೆ ಬಂದಾಗ ಅಂಗೋರಾ ಮೇಕೆಯ ಹುಚ್ಚು ಹಿಡಿಯಿತು. ಬೆಲೆ ಕುಸಿದಾಗ ಬೇಲಿಯ ಮೇಲಿನ ನಿಗಾ ತಪ್ಪಿತು. ಗರ್ಭ ಐದು ತಿಂಗಳು, ಅವಳಿ ಮರಿ ಸಾಮಾನ್ಯ, ಹಿಡಿದು ತಿನ್ನುವ ಚಿರತೆಯಿಲ್ಲ, ತೋಳವಿಲ್ಲ. ಮಿಕ್ಕದ್ದನ್ನು ನೀವೇ ಊಹಿಸಿ.

ಆಡು ಮುಟ್ಟದ ಸೊಪ್ಪಿಲ್ಲ ಅಂತೀವಲ್ಲ, ಅಲ್ಲಿ ಆ ಮಾತು ಪೂರ್ತಿ ನಿಜವಲ್ಲ. ಹೊರೊಪಿಟೊ ಎಂಬ ಖಾರದ ಎಲೆಯ ಗಿಡವನ್ನು ಮೇಕೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದಕ್ಕೇ ಮೇಕೆ ಬಹಳ ವರ್ಷ ಮೇಯ್ದ ಕಾಡಿನೊಳಗೆ ಹೋದರೆ ಎದೆಮಟ್ಟದಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಹೊರೊಪಿಟೊ ಮತ್ತು ತಿನ್ನಲಾಗದ ಒಂದು ಜಾತಿಯ ಜರೀಗಿಡ. ಮೇಲೆ ಹಳೆಯ ಮರ, ಕೆಳಗೆ ಖಾರದ ಗಿಡ, ನಡುವೆ ಬೆಳೆದು ಬರಬೇಕಾದ ಪೀಳಿಗೆಯೇ ಇಲ್ಲ. ಹೊರಗಿನಿಂದ ನೋಡಿದವರಿಗೆ ಹಸಿರಾಗೇ ಕಾಣುತ್ತದೆ.

ಇನ್ನೂ ಕೆಟ್ಟ ಉದಾಹರಣೆ ಬೇಕೆಂದರೆ ಉತ್ತರದ ತುದಿಯಾಚೆಗಿರುವ ತ್ರೀ ಕಿಂಗ್ಸ್ ದ್ವೀಪಗಳು. 1889ರಲ್ಲಿ ಅಲ್ಲಿಯ ದೊಡ್ಡ ದ್ವೀಪದ ಮೇಲೆ ನಾಲ್ಕು ಮೇಕೆ ಬಿಟ್ಟರು. ನೆನಪಿಟ್ಟುಕೊಳ್ಳಿ, ನಾಲ್ಕೇ. 1946ರಲ್ಲಿ ಅವುಗಳ ಸಂತಾನವನ್ನು ನಿರ್ಮೂಲ ಮಾಡುವಾಗ ಹೊಡೆದದ್ದು 400ರ ಹತ್ತಿರ. ಅದಕ್ಕೆ ಒಂದು ವರ್ಷ ಮೊದಲು ಸಸ್ಯವಿಜ್ಞಾನಿ ಬೇಲಿಸ್ ಆ ದ್ವೀಪದಲ್ಲಿ ಹೊಸ ಜಾತಿಯ ಒಂದು ಮರ ಕಂಡಿದ್ದರು. ಇಡೀ ಜಗತ್ತಿನ ಕಾಡುಗಳಲ್ಲಿ ಆ ಜಾತಿಯ ಮರ ಉಳಿದಿದ್ದದ್ದು ಅದೊಂದೇ. ಇವತ್ತು ತೋಟಗಳಲ್ಲಿ ಬೆಳೆಯುವ ಆ ಜಾತಿಯ ಗಿಡಗಳೆಲ್ಲ ಆ ಒಂಟಿ ಮರದ ಸಂತತಿ.

ಇದಿಷ್ಟು ಹಿನ್ನೆಲೆ. ಈಗ ಬಿಲ್ಲು. ರಾಮಾಯಣದ ಬಿಲ್ಲನ್ನು ಮನಸ್ಸಿನಿಂದ ತೆಗೆದುಹಾಕಿ. ಅಲ್ಲಿ ಹೆಚ್ಚಿನವರು ಬಳಸುವುದು ಕಾಂಪೌಂಡ್ ಬಿಲ್ಲು. ಎರಡು ತುದಿಗೂ ಅಂಡಾಕಾರದ ಗಾಲಿ, ಅದಕ್ಕೆ ಕ್ಯಾಮ್ ಅಂತಾರೆ. ಹೆದೆ ಎಳೆಯುವಾಗ ಮೊದಲು ಸುಮಾರು 27 ಕಿಲೋ ಭಾರ, ಪೂರ್ತಿ ಎಳೆದ ಮೇಲೆ ಗಾಲಿ ಹೊರಳಿ ಕೈಗೆ ಉಳಿಯುವುದು ಐದಾರು ಕಿಲೋ ಮಾತ್ರ. ಹಾಗಾಗಿ ಎಳೆದು ಹಿಡಿದು ಸ್ವಲ್ಪ ಹೊತ್ತು ಕಾಯಬಹುದು. ಬಾಣ ಕಾರ್ಬನ್ನಿನದು, ತುದಿಗೆ ಬ್ಲೇಡಿನಂಥ ಅಲಗು. ಮುಂಗೈ ಕೂದಲು ಬೋಳಿಸದ ಅಲಗನ್ನು ಚೀಲಕ್ಕೇ ಹಾಕಬಾರದು.

ಗುಂಡಿಗೂ ಬಾಣಕ್ಕೂ ಇರುವ ದೊಡ್ಡ ವ್ಯತ್ಯಾಸ ಸದ್ದಿನದು. ಬಾಣದ ವೇಗ ಸೆಕೆಂಡಿಗೆ 85 ಮೀಟರ್ ಆಸುಪಾಸು, ಸದ್ದಿನದು 340. ಮೂವತ್ತು ಮೀಟರಿನಿಂದ ಬಿಟ್ಟರೆ ಹೆದೆಯ ಸದ್ದು ಮೇಕೆಯ ಕಿವಿಗೆ ಬಿದ್ದು ಕಾಲು ಸೆಕೆಂಡಾದ ಮೇಲೆ ಬಾಣ ಮುಟ್ಟುತ್ತದೆ. ಬೆದರಿದ ಮೇಕೆಗೆ ಮೈ ತಗ್ಗಿಸಲು ಕಾಲು ಸೆಕೆಂಡು ಧಾರಾಳ. ಆದ್ದರಿಂದ ಮೇಕೆ ನೆಮ್ಮದಿಯಾಗಿರಬೇಕು, ನಾವು ಹತ್ತಿರ ಇರಬೇಕು. ಬಂದೂಕಿನವನು ಮುನ್ನೂರು ಮೀಟರಿನಲ್ಲಿ ಮುಗಿಸಿ ಹೊರಟಿರುತ್ತಾನೆ. ಬಿಲ್ಲಿನವನ ಕೆಲಸ ಶುರುವಾಗುವುದೇ ಅಲ್ಲಿಂದ ಮುಂದೆ.

ಮಾರ್ಲ್‌ಬರೋ ಎಂದರೆ ಅದೇ ದಕ್ಷಿಣ ದ್ವೀಪದ ಉತ್ತರ ತುದಿಯ ದ್ರಾಕ್ಷಿ ತೋಟಗಳ ಸೀಮೆ. ಬ್ಲೆನಮ್ ಪಟ್ಟಣ ದಾಟಿ ಅವಟೆರೆ ನದಿಯ ಕಣಿವೆಯಲ್ಲಿ ಮೇಲಕ್ಕೆ ಹೋದಂತೆ ತೋಟ ಮುಗಿದು ಕುರಿ ದನದ ದೊಡ್ಡ ಫಾರ್ಮುಗಳು ಬರುತ್ತವೆ. ಬೋಳು ಗುಡ್ಡ, ಹೊಂಬಣ್ಣದ ಟಸಕ್ ಹುಲ್ಲು, ಉದುರು ಕಲ್ಲಿನ ಜಾರು, ಮಟಗೌರಿ ಮುಳ್ಳು, ಕಾಡುಗುಲಾಬಿ ಪೊದೆ. ದೂರದಲ್ಲಿ 2,885 ಮೀಟರ್ ಎತ್ತರದ ತಪುಆಎಓ ಉಎನುಕು ಶಿಖರ, ಚಳಿಗಾಲದಲ್ಲಿ ಬಿಳಿ ಮುಸುಕು. ಮರವಿಲ್ಲದ ಈ ಬಯಲಿನಲ್ಲಿ ನಮಗೆ ಮೇಕೆ ಒಂದೂವರೆ ಕಿಲೋಮೀಟರಿನಿಂದ ಕಾಣುತ್ತದೆ, ಮೇಕೆಗೆ ನಾವೂ ಹಾಗೇ ಕಾಣುತ್ತೇವೆ. ಅದರ ಕಣ್ಣಿನ ಪಾಪೆ ಅಡ್ಡಸೀಳು. ತಲೆ ತಿರುಗಿಸದೆಯೇ ಸುತ್ತಲ ಬಹುಪಾಲು ನೆಲ ಅದರ ಕಣ್ಣಳತೆಯಲ್ಲಿರುತ್ತದೆ.

ಜುಲೈ ತಿಂಗಳ ಒಂದು ದಿನ ಹೇಳುತ್ತೇನೆ. ಅಲ್ಲಿ ಅದು ಕಡುಚಳಿ. ಇನ್ನೂ ಕತ್ತಲಿರುವಾಗಲೇ ಗೆಳೆಯನೂ ನಾನೂ ರೈತನ ಕೊಟ್ಟಿಗೆಯ ಹತ್ತಿರ ಗಾಡಿ ಬಿಟ್ಟೆವು. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೂಟಿನಡಿ ಕರಕರ ಅನ್ನುತ್ತಿತ್ತು. ಎದುರು ಗುಡ್ಡ ಹತ್ತಿ ಬಂಡೆಯೊಂದಕ್ಕೆ ಒರಗಿ ದುರ್ಬೀನು ಹಿಡಿದು ಕೂತೆವು. ದಕ್ಷಿಣಾರ್ಧಗೋಳ ನೋಡಿ, ಸೂರ್ಯ ಉತ್ತರಕ್ಕಿರುತ್ತಾನೆ. ಹಾಗಾಗಿ ಚಳಿಗಾಲದ ಬೆಳಗ್ಗೆ ಮೇಕೆ ಹುಡುಕಬೇಕಾದದ್ದು ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ. ಬಿಸಿಲು ಅಲ್ಲಿ ಬಿದ್ದ ಕೂಡಲೇ ಒಂದೊಂದಾಗಿ ಎದ್ದು ಬಂದವು. ಕಪ್ಪು, ಬಿಳಿ, ಮಚ್ಚೆಯವು. ಒಂದು ದೊಡ್ಡ ಹೋತ, ಹಿಂಡಿನ ತುಂಬ ಹೆಣ್ಣು, ಮರಿ.

ಗೆಳೆಯ ಥರ್ಮಾಸ್ ತೆಗೆದು ಟೀ ಹಾಕಿದ. ಹೊರಡುವ ಆತುರ ನನಗೆ, ಅವನಿಗಿಲ್ಲ. ಕಾರಣ ಗಾಳಿ. ರಾತ್ರಿಯಿಡೀ ತಣ್ಣಗಾದ ಗಾಳಿ ಗುಡ್ಡದಿಂದ ಕೆಳಕ್ಕೆ ಹರಿಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮೇಕೆಯನ್ನು ಕೆಳಗಿನಿಂದ ಸಮೀಪಿಸಿದರೆ ನಮ್ಮ ವಾಸನೆ ಅದಕ್ಕೆ ಹೋಗುವುದಿಲ್ಲ. ಬಿಸಿಲಿಗೆ ನೆಲ ಕಾದಮೇಲೆ ಅದೇ ಗಾಳಿ ಮೇಲಕ್ಕೆ ಏರತೊಡಗುತ್ತದೆ. ಆಗ ನಾವು ಮೇಲಿರಬೇಕು. ಇವೆರಡರ ನಡುವೆ ಗಾಳಿ ಅತ್ತಿತ್ತ ಹೊಯ್ದಾಡುವ ಹೊತ್ತೊಂದಿದೆ. ಆಗ ಎಲ್ಲಿಂದ ಹೋದರೂ ಕೆಡುಕು, ಟೀ ಕುಡಿಯುವುದೇ ಸರಿ. ಅವನ ಜೇಬಿನಲ್ಲಿ ಟಾಲ್ಕಂ ಪೌಡರ್ ತುಂಬಿದ ಪುಟ್ಟ ಬುಡ್ಡಿ. ಐದೈದು ನಿಮಿಷಕ್ಕೊಮ್ಮೆ ಒತ್ತುತ್ತಾನೆ, ಪುಡಿ ಹೋದ ದಿಕ್ಕು ನೋಡುತ್ತಾನೆ. ಇಳಿಯುತ್ತಿದ್ದ ಪುಡಿ ನಿಂತಲ್ಲೇ ಸುತ್ತಿತು, ಎಡಕ್ಕೆ ಹೋಯಿತು, ಕೊನೆಗೆ ಹುಲ್ಲಿನ ತುದಿ ಸವರಿಕೊಂಡು ಮೇಲೇರಿತು. ಆಗ ಎದ್ದೆವು. ಏಣಿನ ಹಿಂಬದಿಯಿಂದ ದೊಡ್ಡ ಸುತ್ತು ಹಾಕಿ ಹಿಂಡಿನ ಮೇಲ್ಭಾಗಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ. ಮೇಕೆ ಅಪಾಯವನ್ನು ಹೆಚ್ಚಾಗಿ ಕೆಳಗಿನಿಂದ ನಿರೀಕ್ಷಿಸುತ್ತದೆ, ಬೆದರಿದರೆ ಮೇಲಕ್ಕೆ ಓಡುತ್ತದೆ. ಆ ದೃಷ್ಟಿಯಿಂದಲೂ ಮೇಲಿರುವುದು ಲೇಸು.

ಕೊನೆಯ ನೂರು ಮೀಟರಿಗೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಬೂಟು ಬಿಚ್ಚಿ ಉಣ್ಣೆ ಕಾಲುಚೀಲದಲ್ಲಿ ಹೋದೆ. ಜಾರುಗಲ್ಲಿನ ಮೇಲೆ ಪಾದ ಇಟ್ಟು, ಕಲ್ಲು ಅಲುಗದೆಂದು ಖಾತ್ರಿಯಾದ ಮೇಲೆಯೇ ಭಾರ ಬಿಡಬೇಕು. ಮಟಗೌರಿ ಮುಳ್ಳು ಅಂಗಾಲಿಗೆ ಹೋದರೂ ಬಾಯಿ ಬಿಡುವಂತಿಲ್ಲ. ಹೋತದ ವಾಸನೆ ಕಣ್ಣಿಗೆ ಕಾಣುವ ಮೊದಲೇ ಬಂತು. ಬೆದೆಗಾಲದಲ್ಲಿ ಅದು ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತದೆ, ಮೇಕೆ ಸಾಕಿದವರಿಗೆ ಗೊತ್ತು. ಬಂಡೆಯಂಚಿನಿಂದ ಇಣುಕಿದರೆ ಮೆಲುಕು ಹಾಕುತ್ತ ಮಲಗಿತ್ತು. ದವಡೆ ಅಡ್ಡಡ್ಡ ಆಡುವುದು, ಗಂಟಲಲ್ಲಿ ಉಂಡೆ ಇಳಿಯುವುದು, ಮತ್ತೊಂದು ಉಂಡೆ ಮೇಲೆ ಬರುವುದು ಕಾಣುವಷ್ಟು ಹತ್ತಿರ.

ದೂರಮಾಪಕ 30 ಮೀಟರ್ ತೋರಿಸಿತು. ಆದರೆ ಕಡಿದಾದ ಇಳಿಜಾರಿನಲ್ಲಿ ಕೆಳಕ್ಕೆ ಹೊಡೆಯುವಾಗ ಲೆಕ್ಕಕ್ಕೆ ಬರುವುದು ಅಡ್ಡದೂರ. ನಲವತ್ತು ಡಿಗ್ರಿ ಇಳಿಜಾರಿನಲ್ಲಿ ಮೂವತ್ತು ಮೀಟರೆಂದರೆ ಬಾಣಕ್ಕೆ ಇಪ್ಪತ್ತಮೂರೇ. ಇದು ತಿಳಿಯದವರ ಬಾಣ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಹೋತ ಎದ್ದು ನಿಂತು ಮೈಮುರಿಯಿತು. ನಾನು ಹೆದೆ ಎಳೆದೆ. ಅಷ್ಟರಲ್ಲಿ ಅದರ ಹಿಂದಿನ ಹುಲ್ಲಿನಿಂದ ಮರಿಯೊಂದು ತಲೆ ಎತ್ತಿತು. ಬಾಣ ಮೇಕೆಯ ಎದೆಗೂಡು ದಾಟಿ ಆಚೆ ಹೋಗುತ್ತದೆ, ಆಚೆ ಇರುವುದು ಈ ಮರಿ. ಹೆದೆ ಸಡಿಲಿಸಬೇಕಾಯಿತು. ಆ ಚಲನೆ ಪಕ್ಕದ ಮುದಿ ಹೆಣ್ಣಿನ ಕಣ್ಣಿಗೆ ಬಿತ್ತು. ಅದು ಸೀನಿದಂತೆ ಒಂದು ಸದ್ದು ಮಾಡಿ ಕಾಲು ಅಪ್ಪಳಿಸಿತು, ಇಡೀ ಹಿಂಡು ಏಣು ದಾಟಿತು.

ಇಂಥದ್ದು ಈ ಬೇಟೆಯ ವಿಶೇಷವಲ್ಲ, ವಾಡಿಕೆ. ಬಿಲ್ಲು ಹಿಡಿದ ದಿನಗಳಲ್ಲಿ ಹೆಚ್ಚಿನವು ಹೀಗೇ ಮುಗಿಯುತ್ತವೆ. ಅವತ್ತು ಮಾತ್ರ ಸಂಜೆ ಹಳ್ಳದ ದಾರಿಯಲ್ಲಿ ಮರಿಯಿಲ್ಲದ ಒಂದು ಎಳೆ ಹೆಣ್ಣು ಗೆಳೆಯನಿಗೆ ಪಕ್ಕ ತಿರುಗಿ ನಿಂತಿತು. ಮುಂಗಾಲು ಮುಂದಿಟ್ಟ ಗಳಿಗೆಗೆ ಕಾದು ಬಿಟ್ಟ. ಬಾಣ ಎರಡೂ ಶ್ವಾಸಕೋಶ ಹಾದರೆ ಪ್ರಾಣಿ ಕೆಲವೇ ಸೆಕೆಂಡು ಓಡಿ ಬೀಳುತ್ತದೆ. ಆದರೂ ಬೆನ್ನಟ್ಟಬಾರದು, ಅರ್ಧ ಗಂಟೆ ಕೂರಬೇಕು. ನೆಲದಲ್ಲಿ ನೊರೆಯಿರುವ ಗುಲಾಬಿ ರಕ್ತ ಕಂಡರೆ ಶ್ವಾಸಕೋಶ. ಕಪ್ಪು ರಕ್ತ, ಮೇಯ್ದ ಹುಲ್ಲಿನ ನಾತ ಬಂದರೆ ಹೊಟ್ಟೆ. ಆಗ ಗಂಟೆಗಟ್ಟಲೆ ಕಾಯಬೇಕು, ಅದು ಆ ಪ್ರಾಣಿಗೆ ನರಕ. ನಮಗೆ ಸಿಕ್ಕಿದ್ದು ನೊರೆರಕ್ತ. ಮೇಕೆ ನಲವತ್ತು ಹೆಜ್ಜೆಯೊಳಗೇ ಬಿದ್ದಿತ್ತು.

ಹೆಡ್‌ಲ್ಯಾಂಪ್ ಬೆಳಕಿನಲ್ಲಿ ತೊಡೆ, ಮುಂಗಾಲು, ಬೆನ್ನುಮಾಂಸ ಬಿಡಿಸಿ ಬಟ್ಟೆ ಚೀಲಕ್ಕೆ ಹಾಕಿಕೊಂಡೆವು. ಫಾರ್ಮಿನ ನಾಯಿಗಳಿಗೆ ಹಸಿ ಚೂರು ಹಾಕುವಂತಿಲ್ಲ. ಕುರಿಗಳಿಗೆ ಲಾಡಿಹುಳುವಿನ ಕಾಟ ಹರಡುತ್ತದೆ ಅಂತ ಮೈನಸ್ 10 ಡಿಗ್ರಿಯಲ್ಲಿ ಹತ್ತು ದಿನ ಇಟ್ಟಮೇಲೆ ಅಥವಾ ಬೇಯಿಸಿ ಕೊಡಬೇಕು. ಅತ್ತ ಮನೆಯಲ್ಲಿ ಹುರಿದ ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಶುಂಠಿ ಬೆಳ್ಳುಳ್ಳಿ ರುಬ್ಬಿ ಸಾರು ಮಾಡಿದರೆ, ಊರಿನ ನಾಟಿ ಮೇಕೆಗಿಂತ ಬಿಗಿ, ಕುಕ್ಕರಿಗೆ ನಾಲ್ಕು ಸೀಟಿ ಜಾಸ್ತಿ ಬೇಕು. ರುಚಿಯಲ್ಲಿ ಏನೂ ಕಮ್ಮಿಯಿಲ್ಲ. ಬೆದೆಗೆ ಬಂದ ಹೋತವನ್ನು ಮಾತ್ರ ಅಡುಗೆಮನೆಗೆ ತರಬೇಡಿ.

ಈಗ ಅಲ್ಲಿಯ ಗೆಳೆಯರಿಗೆ ಹಿಡಿಸದ ಮಾತು. ಬಿಲ್ಲುಬೇಟೆಗಾರರು ‘ನಾವು ಕಾಡು ಉಳಿಸುತ್ತಿದ್ದೇವೆ’ ಎನ್ನುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಒಂದು ದಿನ ಪೂರ್ತಿ ಇಬ್ಬರು ತೆವಳಿ ಒಂದು ಮೇಕೆ ತಂದೆವು. ತಡೆಯಿಲ್ಲದಿದ್ದರೆ ಹಿಂಡು ಎರಡು ವರ್ಷದೊಳಗೆ ಇಮ್ಮಡಿಯಾಗಬಲ್ಲದು. ಮೇಲಾಗಿ ಎಲ್ಲರ ಕಣ್ಣು ಕೊಂಬು ಹರಡಿದ ದೊಡ್ಡ ಹೋತದ ಮೇಲೆ, ಅವತ್ತು ಬೆಳಗ್ಗೆ ನನ್ನ ಕಣ್ಣೂ ಅಲ್ಲೇ ಇತ್ತು. ಒಂದು ಹೋತ ಹೋದರೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ, ಹುಟ್ಟುವ ಮರಿಗಳ ಲೆಕ್ಕ ಬದಲಾಗುವುದಿಲ್ಲ. ಹತೋಟಿ ಬೇಕೆಂದರೆ ಹೆಣ್ಣು ಕಮ್ಮಿಯಾಗಬೇಕು. ತಾರಾನಾಕಿ ಪರ್ವತದ ಸುತ್ತಲ ರಾಷ್ಟ್ರೀಯ ಉದ್ಯಾನದಲ್ಲಿ ಮೇಕೆ ಹೊಡೆಯುವ ಕೆಲಸ ಶುರುವಾದದ್ದು 1925ರಲ್ಲಿ, ಮೇಕೆ ಮುಗಿದವು ಅಂತ ಘೋಷಿಸಿದ್ದು 2022ರಲ್ಲಿ. ನೂರು ವರ್ಷಕ್ಕೆ ಮೂರು ಕಮ್ಮಿ, ಅದೂ ಸಂಬಳದ ಬೇಟೆಗಾರರು, ಬಂದೂಕು, ತರಬೇತಾದ ನಾಯಿಗಳ ಬಲದಿಂದ. ಗಲಾಪಗೋಸಿನ ಇಸಬೆಲಾ ದ್ವೀಪದಲ್ಲಿ ಹೆಲಿಕಾಪ್ಟರಿನಿಂದ ಹೊಡೆದರು. ಮೇಕೆಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟು, ಅದು ಹುಡುಕಿಕೊಂಡು ಹೋದ ಹಿಂಡನ್ನೇ ಮುಗಿಸಿದರು. ಕಾಡು ಉಳಿಸುವುದು ಅಂಥ ಸೊಗಸಿಲ್ಲದ ಕೆಲಸ. ನಾವು ಹೋಗುವುದು ಮಾಂಸಕ್ಕೆ, ಗುಡ್ಡದ ಮೇಲಿನ ಆಸೆಗೆ. ಅಷ್ಟನ್ನೇ ಹೇಳಿಕೊಂಡರೆ ಸಾಕು.

ಕ್ರೌರ್ಯದ ಪ್ರಶ್ನೆ ನಿಮ್ಮಲ್ಲಿ ಹಲವರ ನಾಲಗೆ ತುದಿಯಲ್ಲಿದೆ, ಮುಖ ನೋಡಿದರೆ ಗೊತ್ತಾಗುತ್ತದೆ. ಬ್ರಿಟನ್ನಿನ 1981ರ ಕಾಯ್ದೆ ಕಾಡುಪ್ರಾಣಿಗಳ ಮೇಲೆ ಬಿಲ್ಲು ಎತ್ತುವುದನ್ನು ನಿಷೇಧಿಸಿತು. ಡೆನ್ಮಾರ್ಕಿನಲ್ಲಿ ಬಿಲ್ಲುಬೇಟೆ ಉಂಟು, ಆದರೆ ಗುರಿಯ ಪರೀಕ್ಷೆ ಪಾಸಾಗಬೇಕು. ನ್ಯೂಜಿಲೆಂಡಿನಲ್ಲಿ ಬಂದೂಕಿಗೆ ಲೈಸೆನ್ಸ್ ಬೇಕು, ಬಿಲ್ಲಿಗೆ ಬೇಡ. ಇವತ್ತು ಅಂಗಡಿಯಲ್ಲಿ ಕೊಂಡವನು ನಾಳೆ ಗುಡ್ಡ ಹತ್ತಬಹುದು. ಇದು ಸರಿಯಲ್ಲ. ಅಲ್ಲಿಯೂ ಪರೀಕ್ಷೆ ಬರಬೇಕು, ಅದು ಸಮತಟ್ಟಾದ ಮೈದಾನದಲ್ಲಿ ಅಲ್ಲ, ಇಳಿಜಾರಿನಲ್ಲಿ, ಗುಡ್ಡ ಹತ್ತಿದ ಏದುಸಿರಿನಲ್ಲಿ. ಮೂವತ್ತು ಮೀಟರಿನಿಂದ ಬಿಟ್ಟ ಬಾಣಗಳೆಲ್ಲ ಒಂದು ಊಟದ ತಟ್ಟೆಯಗಲದೊಳಗೆ ನಾಟಬೇಕು. ನಾಟದವರು ಕ್ಯಾಮೆರಾ ಹಿಡಿದು ಹೋಗಲಿ, ಪೌಡರ್ ಬುಡ್ಡಿಯನ್ನು ನಾನೇ ಕೊಡುತ್ತೇನೆ.

ಇನ್ನು ನೀವು ಕೇಳಿ.